ಪಾಲದಮ್ಮನ ಅರಿಶಿನ

ತಿರುಪ್ಪೂರು,
ಮಾಸಿ ತಿಂಗಳು, ೧೯೩೬

ನನ್ನ ಮುದ್ದು ಮಗಳು ಪೆರಿಯನಾಯಕಿಗೆ, ಅಪ್ಪ ತಲೆ ಸವರಿ ಬರೆಯುವುದು.

ನಿನ್ನ ಅವ್ವ ಪಕ್ಕದಲ್ಲೇ ಕುಳಿತಿದ್ದಾಳೆ. ಓದಲು ಬಾರದಿದ್ದರೂ ಸಾಲು ಸಾಲಿಗೂ ಏನು ಬರೆದಿರಿ ಎಂದು ಕೇಳುತ್ತಾಳೆ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು, ಬರುವ ಶುಕ್ರವಾರ ನೆಗಮಂನಿಂದ ಹೊರಟು ಬಾ ಎಂದು ಮೊದಲು ಬರೆಯಬೇಕಂತೆ. ಬರೆದೆ.

ಬರುವಾಗ ಬೀದಿಯ ಬಾಯಲ್ಲಿರುವ ರೈಲು ಸೇತುವೆಯನ್ನು ಕಂಡು ಬೆದರಬೇಡ. ಅದೀಗ ಗುಡಿಯಾಗಿದೆ. ಎದುರು ಮನೆಯ ರಾಮಾಯಿ ತೀರಿಕೊಂಡದ್ದು ನಿನಗೆ ಗೊತ್ತು, ಹೇಗೆಂದು ಗೊತ್ತಿಲ್ಲ. ಗಾಳಿಗೆ ನೂಲು ಹಾರದಿರಲೆಂದು ಕಮಾನಿನ ಕೆಳಗೆ ಮಗ್ಗಕ್ಕೆ ಏರಿಸಲು ಗಂಜಿ ಹಚ್ಚಿದ ಹಾಸುನೂಲನ್ನು ಉದ್ದಕ್ಕೆ ಎಳೆದು ಹಿಡಿದಿದ್ದೆವು. ಮೇಲೆ ಗೂಡ್ಸು ಹೋಯಿತು. ಇಟ್ಟಿಗೆ ಉದುರತೊಡಗಿದಾಗ ನಾವೆಲ್ಲ ಓಡಿದೆವು. ಅವಳು ಮಾತ್ರ ತನ್ನ ತುದಿ ಬಿಡಲಿಲ್ಲ. "ಬಿಡ್ಬೇಡ್ರೋ, ನೂಲು ಸಿಕ್ಕಾಗುತ್ತೆ" ಎಂದು ಕೂಗುತ್ತಲೇ ಇದ್ದಳು. ಈಗಲೂ ರೈಲು ದಾಟಿದ ಮೇಲೆ ಆ ಕೂಗು ಕಮಾನಿನೊಳಗೆ ಉಳಿಯುತ್ತದೆ. ನಾನು ಇಂಥದ್ದನ್ನು ನಂಬುವವನಲ್ಲ. ಆದರೂ ಕೈ ತಾನಾಗಿ ಮುಷ್ಟಿ ಕಟ್ಟುತ್ತದೆ.

ಹೆಂಗಸರು ಕಂಬದ ಬಿರುಕಿಗೆ ಅರಿಶಿನ ಮೆತ್ತಿ, ಕುಂಕುಮವಿಟ್ಟು, ಪಾಲದಮ್ಮ, ಸೇತುವೆಯ ತಾಯಿ, ಎಂದು ಹೆಸರಿಟ್ಟರು. ದುರಸ್ತಿ ಮಾಡಿ ಎಂದು ಗಂಡಸರು ರೈಲು ಕಂಪನಿಗೆ ಅರ್ಜಿ ಹಾಕಿದೆವು. ಬಹಳ ಅಲೆಸಿ ಕೊನೆಗೆ ಒಬ್ಬ ಓವರ್‌ಸಿಯರನನ್ನು ಕಳುಹಿಸಿದರು. ಅವನು ಸುತ್ತಿಗೆಯಿಂದ ಕಂಬವನ್ನು ತಟ್ಟಿ ನೋಡಲು ಹೋದ. ಪಕ್ಕದ ಮನೆಯ ಮಲ್ಲಿಗಾ ಅಡ್ಡ ನಿಂತಳು. "ಬೂಟ್ಸ್ ಬಿಚ್ಚು ಸಾಮಿ! ಅಮ್ಮನ ಮೈಗೇ ಸುತ್ತಿಗೆ ಹಾಕ್ತೀಯಾ? ನಿಂಗೆ ಹೆಂಡ್ತಿ ಮಕ್ಕಳಿಲ್ವಾ?" ಅವನು ದೂರದಿಂದಲೇ ನೋಡಿ ನಕ್ಕ. ಸೇತುವೆಯನ್ನು ಅಮ್ಮನೇ ಹೊತ್ತು ನಿಂತಿರುವಾಗ ಕಂಪನಿ ಯಾಕೆ, ಪೂಜೆ ಮಾಡುವವರೇ ದುರಸ್ತಿಯನ್ನೂ ಮಾಡಿಕೊಳ್ಳಿ ಎಂದು ತಮಿಳಿನಲ್ಲಿ ಹೇಳಿ ಹೋದ. ಗುರುವಾರ ಅವನ ಮೇಲಿನ ಇಂಜಿನಿಯರ್ ಬರುತ್ತಾನಂತೆ.

"ಬಸುರಿಗೆ ಇದೆಲ್ಲ ಯಾಕೆ ಬರೀತೀರಿ, ಪಾಲದಮ್ಮ ಕಾಯ್ತಾಳೆ ಅಂತ ಬರೀರಿ" ಎಂದು ಅವ್ವ ಗದರುತ್ತಿದ್ದಾಳೆ. ಅಮ್ಮ ಕಾಯುತ್ತಾಳೆ. ಬಾ.

ನಿನ್ನ ದಾರಿ ನೋಡುತ್ತಿರುವ ಅಪ್ಪ,
ಬೆಳ್ಳಿಯಪ್ಪ

ಇನ್ನೊಂದು ಮಾತು: ಇಲ್ಲಿಯವರೆಗಿನದನ್ನು ಅವ್ವನಿಗೆ ಓದಿ ಹೇಳಿದೆ. ಇದನ್ನು ಅಂಚೆ ಪೆಟ್ಟಿಗೆಯ ಪಕ್ಕ ನಿಂತು ಬರೆಯುತ್ತಿದ್ದೇನೆ. ಬರಬೇಡ ಮಗಳೇ. ನಾನು ಇಲ್ಲಿಗೆ ಬರುವ ದಾರಿಯಲ್ಲಿ ಕಂಬದ ಅರಿಶಿನ ಕೆರೆದು ನೋಡಿದೆ. ಬಿರುಕಿನೊಳಗೆ ತೋಳು ಮೊಳಕೈವರೆಗೂ ಹೋಯಿತು. ಒಳಗಿಂದ ತಣ್ಣನೆ ಗಾಳಿ ಬಂತು, ಯಾರೋ ಉಸಿರು ಬಿಟ್ಟ ಹಾಗೆ. ಮತ್ತೆ ಯಾರೂ ಅದನ್ನು ಮುಚ್ಚದಂತೆ ಗುರುವಾರದವರೆಗೆ ಅಲ್ಲೇ ಕೂರುತ್ತೇನೆ. ಬೀದಿಯವರು ಉಗಿದರೆ ಉಗಿಯಲಿ, ಆ ಇಂಜಿನಿಯರ್ ಕಣ್ಣಾರೆ ನೋಡಲೇಬೇಕು. ನೀನು ಅಲ್ಲೇ ಹೆರು. ಅತ್ತೆ ಕಳುಹಿಸಲಿಲ್ಲ ಎಂದು ಕಾಗದ ಹಾಕು. ಅವ್ವ ಅವರನ್ನು ಬಾಯಿಗೆ ಬಂದಂತೆ ಬೈಯುತ್ತಾಳೆ, ಬೈಯಲಿ. ಆ ಕಾಗದವನ್ನು ಅವಳಿಗೆ ಓದಿ ಹೇಳಬೇಕಾದವನೂ ನಾನೇ.