ನಿಘಂಟಿನ ಮೊದಲ ಸಂಪುಟ ವಾಪಸು ಕೊಡಿ

ಪಸ್ಕಮೆಟ್, ಮ್ಯಾಸಚೂಸೆಟ್ಸ್
ಏಪ್ರಿಲ್, 1832

ಪಸ್ಕಮೆಟ್ ಗ್ರಾಮದ ಮೂಲನಿವಾಸಿಗಳ ಮೇಲ್ವಿಚಾರಕರಾದ ಮಾನ್ಯರೇ,

ನಮ್ಮ ಶಾಲೆಯ ನಿಘಂಟಿನ ಮೊದಲ ಸಂಪುಟವನ್ನು ತಾವು ಕಂಕುಳಲ್ಲಿ ಇರುಕಿಕೊಂಡು ಹೋದದ್ದು ಹಿಮ ಬೀಳುವ ಕಾಲದಲ್ಲಿ. ಈಗ ಹೆರಿಂಗ್ ಮೀನು ಹೊಳೆ ಹತ್ತುತ್ತಿದೆ. ಅದನ್ನು ವಾಪಸು ಕೊಡಿ. ಪತ್ರದ ಕೊನೆಯಲ್ಲಿ ಕೇಳಬೇಕಾದ್ದನ್ನು ಮೊದಲಿಗೇ ಕೇಳಿದ್ದಕ್ಕೆ ಕಾರಣವಿದೆ. ಇದುವರೆಗೆ ನಾನು ಬರೆದ ಪತ್ರಗಳನ್ನೆಲ್ಲ ತಾವು ಒಡೆದೂ ನೋಡದೆ ಮರಳಿಸಿದ್ದೀರಿ. ಅದಕ್ಕೇ ಇದನ್ನು ಪತ್ರಿಕೆಗೆ ಕೊಟ್ಟಿದ್ದೇನೆ, ಅಚ್ಚಾದದ್ದನ್ನು ಹಾಗೆ ಮರಳಿಸುವ ಉಪಾಯ ತಮಗೂ ತಿಳಿದಿರಲಾರದು.

ಆ ಪುಸ್ತಕವನ್ನು ನಮ್ಮ ಶಾಲೆಗೆ ತಂದವರೂ ತಾವೇ, ಮರೆತಿಲ್ಲ. ನಮ್ಮ ಕಾಡಿನ ಓಕ್ ಮರ ಕಡಿಸಿ ಮಾರಿದ ಹಣದಲ್ಲಿ ನಮಗೇ ದಾನವಾಗಿ ತಂದಿರಿ. ಅಂದು ತಾವು ಮಾಡಿದ ಭಾಷಣವನ್ನು ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಕೇಳಿದೆ, ಮನಸಾರೆ ಮೆಚ್ಚಿದೆ. ಇಂಗ್ಲೆಂಡಿನ ದೊರೆಯನ್ನು ಓಡಿಸಿ ಐವತ್ತು ವರ್ಷವಾದರೂ ಅವನ ನಾಲಗೆಯನ್ನೇ ಕಡ ತಂದು ಮಾತಾಡುತ್ತಿದ್ದೇವೆ ಎಂದಿರಿ. ಲಂಡನ್ನಿನ ನಿಘಂಟು ಒಪ್ಪಿದರೆ ಮಾತ್ರ ಅದು ಮಾತು ಎನ್ನುವ ಕಾಲ ಮುಗಿಯಿತು, ನಮ್ಮ ದೇಶದವರೇ ಬರೆದ ಈ ನಿಘಂಟು ಬಂದಿದೆ, ಇನ್ನು ಮುಂದೆ ಉತ್ತರದ ಮೀನುಗಾರನ ಮಗುವೂ ದಕ್ಷಿಣದ ರೈತನ ಮಗುವೂ ಒಂದೇ ಕಾಗುಣಿತ ಕಲಿತು ಒಂದೇ ದೇಶವಾಗುತ್ತಾರೆ ಎಂದಿರಿ. ಗೌರವ ಎಂಬ ಅರ್ಥದ ಪದದಿಂದ ಒಂದು ಅಕ್ಷರ, ಬಣ್ಣ ಎಂಬ ಅರ್ಥದ ಪದದಿಂದ ಒಂದು ಅಕ್ಷರ, ಹೀಗೆ ಕೆಲಸವಿಲ್ಲದೆ ಕುಳಿತಿದ್ದ ಅಕ್ಷರಗಳನ್ನೆಲ್ಲ ಈ ನಿಘಂಟು ಇಂಗ್ಲೆಂಡಿನ ಕೆಂಪಂಗಿ ಸಿಪಾಯಿಗಳ ಹಾಗೆ ಹಡಗು ಹತ್ತಿಸಿದ ಸುದ್ದಿ ಹೇಳಿದಿರಿ. ನಾವೂ ನಕ್ಕೆವು. ಕೊನೆಗೆ, ಈ ನೆಲದಲ್ಲಿ ಹುಟ್ಟಿದ ಪದಗಳು ಯಾರ ಕ್ಷಮೆಯನ್ನೂ ಕೇಳಬೇಕಿಲ್ಲ ಎಂದು ಘೋಷಿಸಿ ಉದಾಹರಣೆ ಕೊಟ್ಟಿರಿ: ಸ್ಕ್ವಾಷ್ ಎಂಬ ಕುಂಬಳ, ಮೂಸ್ ಎಂಬ ದೊಡ್ಡ ಕಾಡುಜಿಂಕೆ, ಕೆಣಕಿದವರ ಮೇಲೆ ನಾತ ಚಿಮ್ಮುವ ಸ್ಕಂಕ್ ಎಂಬ ಪ್ರಾಣಿ.

ಸ್ವಾಮಿ, ಅವು ಯಾರ ಮನೆಯ ಪದಗಳು? ನಮ್ಮ ವಾಂಪನೋಗ್ ಜನ, ನಮ್ಮ ನೆರೆಯ ಬಂಧುಗಳು, ಹಿಟ್ಟು ಕುಟ್ಟುತ್ತಾ, ಬಲೆ ಎಳೆಯುತ್ತಾ ಆಡಿದ ಪದಗಳು. ಅವನ್ನು ತಾವು ತೆಗೆದುಕೊಂಡದ್ದಕ್ಕೆ ನನ್ನ ತಕರಾರಿಲ್ಲ. ಪದ ಕೊಟ್ಟರೆ ಮನೆ ಬರಿದಾಗುವುದಿಲ್ಲ. ಆದರೆ ಕುಂಬಳಕ್ಕೆ ಪೌರತ್ವ ಕೊಟ್ಟು, ಕುಂಬಳ ಬೆಳೆದವರನ್ನು ಬೇಲಿಯ ಆಚೆ ನಿಲ್ಲಿಸುವುದು ಯಾವ ವ್ಯಾಕರಣ? ಸ್ಕಂಕಿಗೆ ಈ ರಾಷ್ಟ್ರದ ಭಾಷೆಯಲ್ಲಿ ಜಾಗವಿದೆ. ನನಗೆ ಊರಸಭೆಯಲ್ಲಿ ಕೈ ಎತ್ತುವ ಹಕ್ಕಿಲ್ಲ, ಕಾಯಿದೆಯ ಕಣ್ಣಿಗೆ ನಮ್ಮ ಜನರೆಲ್ಲ ತಮ್ಮ ಸುಪರ್ದಿನಲ್ಲಿರುವ ಮಕ್ಕಳು. ಸ್ಕಂಕಿನ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಅದು ತನ್ನ ರಕ್ಷಣೆಗೆ ಏನು ಮಾಡಬೇಕೆಂದು ನಮಗಿಂತ ಚೆನ್ನಾಗಿ ಬಲ್ಲದು.

ಹಿಮಗಾಲದಲ್ಲಿ ಮಕ್ಕಳ ಪರೀಕ್ಷೆ ನೋಡಲು ಬಂದ ದಿನ ನಡೆದದ್ದನ್ನು ತಾವು ಊರವರಿಗೆ ಒಂದು ರೀತಿ ಹೇಳಿದ್ದೀರಂತೆ. ಓದುಗರು ಇನ್ನೊಂದು ರೀತಿಯನ್ನೂ ಕೇಳಲಿ. ಪಾಠ ಹೇಳುತ್ತಿದ್ದವಳು ನನ್ನ ತಂಗಿ ಥ್ಯಾಂಕ್‌ಫುಲ್. ಮಕ್ಕಳೆಲ್ಲ ತಪ್ಪಿಲ್ಲದೆ ಕಾಗುಣಿತ ಒಪ್ಪಿಸಿದರು. ತಮ್ಮ ಜೊತೆಯಲ್ಲಿ ಬಂದಿದ್ದ ಪಾದ್ರಿಗಳಿಬ್ಬರೂ ತಲೆದೂಗಿದರು. ಆಗ ತಮ್ಮ ಕಣ್ಣು ಹಿಂದಿನ ಬೆಂಚಿನಲ್ಲಿದ್ದ ನಮ್ಮ ಸೋದರತ್ತೆ ಡಾರ್ಕಸ್ ಮೇಲೆ ಬಿತ್ತು. ಅರವತ್ತು ದಾಟಿದ ಮೇಲೆ ಓದು ಕಲಿಯಲೆಂದು ಮಕ್ಕಳ ನಡುವೆ ಮಂಡಿ ಮಡಿಸಿ ಕೂತ ಹೆಂಗಸು. ಅವಳನ್ನು ಕಂಡು ತಮಗೆ ತಮಾಷೆ ಮಾಡುವ ಮನಸ್ಸಾಯಿತು.

“ಏನಜ್ಜಿ, ನಿಂಗೂ ಒಂದು ಪದ ಕೊಡ್ಲಾ?” ಎಂದಿರಿ.

“ಕೊಡಿ ಯಜಮಾನ್ರೇ,” ಎಂದಳು ಅತ್ತೆ. “ಕೊಟ್ಟು ಅಭ್ಯಾಸ ಇಲ್ಲ ನಿಮಗೆ, ಒಂದು ಪದದಿಂದಾದ್ರೂ ಶುರುವಾಗ್ಲಿ.”

ಪಾದ್ರಿಗಳಲ್ಲೊಬ್ಬರು ಕೆಮ್ಮಿದರು. ತಾವು ಮುಖ ಬಿಗಿಮಾಡಿಕೊಂಡು ಕೊಟ್ಟ ಪದ, ‘ಅಮೆರಿಕನ್’. ಅದಕ್ಕೆ ಏನು ಅರ್ಥ ಬರೆದಿದೆಯೆಂದು ತಾವು ಅದುವರೆಗೆ ನೋಡಿರಲಿಲ್ಲ ಎಂಬುದು ತಮ್ಮ ಮುಖದಲ್ಲೇ ಆಮೇಲೆ ಕಂಡಿತು. ಅತ್ತೆ ಎದ್ದು ಮುಂದೆ ಬಂದಳು. ಹಾಳೆಗಳನ್ನು ಅವಸರವಿಲ್ಲದೆ ಮಗುಚಿ, ಪದ ಹುಡುಕಿ, ಅಕ್ಷರದ ಕೆಳಗೆ ಬೆರಳಿಟ್ಟು ಓದಿದಳು. ಯುರೋಪಿನವರು ಬಂದಾಗ ಇಲ್ಲಿದ್ದ ತಾಮ್ರಬಣ್ಣದ ಜನಕ್ಕೆ ಮೊದಮೊದಲು ಈ ಹೆಸರಿತ್ತು, ಈಗ ಇಲ್ಲಿ ಹುಟ್ಟಿದ ಯುರೋಪಿನವರ ಸಂತಾನಕ್ಕೆ ಸಲ್ಲುತ್ತದೆ ಎಂಬುದು ಅದರ ಸಾರಾಂಶ. ಓದಿ ಮುಗಿಸಿ ಅವಳು ತಲೆ ಎತ್ತಿದಳು.

“ಮೊದ್ಲು ನಾವು, ಈಗ ನೀವು ಅಂತ ಬರ್ದಿದೆ. ನಡುವೆ ಏನಾಯ್ತು ಅಂತ ಬರ್ದಿಲ್ವಲ್ಲ, ಯಜಮಾನ್ರೇ?”

“ನಿಘಂಟು ಅರ್ಥ ಹೇಳುತ್ತೆ, ಕಥೆ ಹೇಳೋದಿಲ್ಲ” ಎಂದು ಗದರಿದಿರಿ.

“ಸರಿ ಬಿಡಿ. ಕಥೆ ನಾನೇ ಹೇಳ್ತೀನಿ, ಕೂತ್ಕೊಳ್ಳಿ.”

ತಾವು ಕೂರಲಿಲ್ಲ. ಅವಳ ಬೆರಳಿನ ಕೆಳಗಿನಿಂದಲೇ ಪುಸ್ತಕ ಎಳೆದುಕೊಂಡು, ಟೋಪಿಯನ್ನೂ ಮರೆತು ಹೊರಟುಹೋದಿರಿ. ಮಾರನೆಯ ದಿನ ಒಲೆ ಕೆಟ್ಟಿದೆಯೆಂಬ ನೆಪದಲ್ಲಿ ಶಾಲೆಗೆ ಬೀಗ ಬಿತ್ತು. ಒಲೆ ಕೆಟ್ಟಿರಲಿಲ್ಲ. ಥ್ಯಾಂಕ್‌ಫುಲ್‌ಳನ್ನು ಕೆಲಸದಿಂದ ತೆಗೆದ ಆದೇಶ ಬಂತು. ಆಕೆಯ ಉಚ್ಚಾರಣೆ ಹಳ್ಳಿಗರ ಉಚ್ಚಾರಣೆ ಎಂಬುದು ಕಾರಣ. ತಮ್ಮ ಭಾಷಣ ನನಗೆ ನೆನಪಾಯಿತು. ಲಂಡನ್ನಿನ ದರ್ಬಾರಿನ ಉಚ್ಚಾರಣೆ ನಮಗೆ ಬೇಡ, ನೇಗಿಲು ಹಿಡಿದವನು ಹೇಗೆ ಆಡುತ್ತಾನೋ ಅದೇ ಈ ದೇಶದ ಮಾತು ಎಂದಿದ್ದಿರಿ. ನೇಗಿಲು ಹಿಡಿದ ಕೈಯ ಬಣ್ಣವನ್ನೂ ಸೇರಿಸಿ ಹೇಳಿದ್ದರೆ ನಾವು ಅಂದೇ ಚಪ್ಪಾಳೆ ನಿಲ್ಲಿಸುತ್ತಿದ್ದೆವು. ಥ್ಯಾಂಕ್‌ಫುಲ್ ಆ ಆದೇಶವನ್ನು ಓದಿ, ಮಡಚಿಟ್ಟು, ಒಲೆಯ ಬೂದಿ ತೋಡತೊಡಗಿದಳು. ಅವಳು ಅತ್ತಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

ಆಮೇಲೆ ನಾನು ತಮ್ಮ ಮನೆಗೆ ಬಂದೆ. ಹಿಂಬಾಗಿಲಿಗೆ ಬಾ ಎಂದು ಹೇಳಿಕಳಿಸಿದಿರಿ, ಬಂದೆ. ಅಲ್ಲಿ ನಡೆದ ಮಾತು ಚಿಕ್ಕದು.

“ಅಷ್ಟು ದೊಡ್ಡ ಪುಸ್ತಕ ನಿಮ್ಮೋರಿಗೆ ಅರಗೋದಿಲ್ಲ ಜಕೇಯಸ್. ಚಿಕ್ಕ ಕಾಗುಣಿತದ ಪುಸ್ತಕ ಕಳಿಸ್ತೀನಿ, ಹೋಗು.”

“ಅರಗೋದು ಬಿಡೋದು ಹೊಟ್ಟೆಗೆ ಬಿಟ್ಟಿದ್ದು ಸ್ವಾಮಿ. ಉಣ್ಣೋರ ಮುಂದಿನ ತಟ್ಟೆ ಎತ್ಕೊಂಡು ಹೋಗೋದು ಯಾವ ನ್ಯಾಯ?”

ತಾವು ಬಾಗಿಲು ಹಾಕಿಕೊಂಡಿರಿ.

ನನ್ನ ಬಗ್ಗೆ ಒಂದು ಮಾತು ಹೇಳಬೇಕು. ನಾನು ತಿಮಿಂಗಿಲ ಬೇಟೆಯ ಹಡಗಿನಲ್ಲಿ ಈಟಿ ಎಸೆಯುವವನಾಗಿ ಅರ್ಧ ಆಯುಷ್ಯ ಕಳೆದವನು. ಒಮ್ಮೆ ಲಂಡನ್ನಿನ ಬಂದರಿನಲ್ಲಿ ಹೊಗೆಸೊಪ್ಪು ಕೊಳ್ಳಲು ಹೋದಾಗ ಅಂಗಡಿಯವನು ನನ್ನ ಮಾತು ಕೇಳಿ ನಕ್ಕ. “ಓ, ನೀನು ಅಮೆರಿಕದೋನು! ಬಾಯಿ ತೆಗೆದ್ರೆ ಗೊತ್ತಾಗುತ್ತೆ” ಎಂದ. ಗೇಲಿಗೆಂದೇ ಹೇಳಿದ್ದು. ಆದರೂ ನನ್ನ ಎದೆ ಉಬ್ಬಿತು. ನನ್ನ ಮುಖ ನೋಡಿ ಅಲ್ಲ, ಮಾತು ಕೇಳಿ ಅವನು ನನ್ನ ದೇಶ ಗುರುತಿಸಿದ. ಸಾಗರದಾಚೆಯ ಹೊಗೆಸೊಪ್ಪಿನ ವ್ಯಾಪಾರಿಯ ಕಿವಿಗೆ ತಿಳಿದದ್ದು ನಮ್ಮನ್ನಾಳುವ ಮೇಲ್ವಿಚಾರಕರ ಕಿವಿಗೆ ತಿಳಿಯದೇ? ನಿಘಂಟುಗಳು ಒಂದು ರಾಷ್ಟ್ರದ ಇಂಗ್ಲಿಷನ್ನು ಕಟ್ಟಿದವು ಎನ್ನುತ್ತೀರಿ. ಕಟ್ಟಿದ್ದು ನಿಜ. ಆದರೆ ಕಟ್ಟಿದ ಮನೆಯೊಳಗೆ ಯಾರು ಇರಬೇಕು ಎಂಬುದನ್ನು ನಿಘಂಟು ಬರೆದವರೂ ತಾವೂ ಒಟ್ಟಿಗೆ ಕುಳಿತು ತೀರ್ಮಾನಿಸಿಬಿಟ್ಟಿರೇ? ಹಾಗಿದ್ದರೆ ಅದನ್ನೂ ಒಂದು ಪದವೆಂದು ಸೇರಿಸಿ, ಅರ್ಥ ಬರೆದು ಅಚ್ಚು ಹಾಕಿಸಿ. ಮುಚ್ಚುಮರೆ ಏಕೆ?

ತಾವು ಅವಸರದಲ್ಲಿ ಒಂದು ತಪ್ಪು ಮಾಡಿದ್ದೀರಿ. ಆ ನಿಘಂಟು ಎರಡು ಸಂಪುಟಗಳದ್ದು. ತಾವು ಒಯ್ದದ್ದು ಮೊದಲನೆಯದನ್ನು ಮಾತ್ರ. ಇಂಗ್ಲಿಷ್ ಅಕ್ಷರಗಳ ಸಾಲಿನಲ್ಲಿ ‘ಸ್ವಾತಂತ್ರ್ಯ’ ಎಂಬ ಅರ್ಥದ ಪದ ಆ ಸಂಪುಟದಲ್ಲಿದೆ, ಆದ್ದರಿಂದ ಅದು ಈಗ ತಮ್ಮ ಕಪಾಟಿನಲ್ಲಿದೆ. ಆದರೆ ‘ನ್ಯಾಯ’, ‘ಕಾನೂನು’, ‘ಹಕ್ಕು’ ಇವೆಲ್ಲ ಎರಡನೆಯ ಸಂಪುಟದಲ್ಲಿ ನಮ್ಮ ಬಳಿಯೇ ಉಳಿದಿವೆ. ‘ಕಳ್ಳತನ’ವೂ ಉಳಿದಿದೆ. ಅದರ ಅರ್ಥವನ್ನು ಡಾರ್ಕಸ್ ಅತ್ತೆ ಎರಡೆರಡು ಸಲ ಓದಿ ಮನದಟ್ಟು ಮಾಡಿಕೊಂಡಿದ್ದಾಳೆ.

ಈಗ ಬೇಡಿಕೆ. ಮೊದಲ ಸಂಪುಟ ಶಾಲೆಯ ಮೇಜಿಗೆ ಬರಬೇಕು. ಥ್ಯಾಂಕ್‌ಫುಲ್‌ಳನ್ನು ತೆಗೆದ ಆದೇಶ ರದ್ದಾಗಬೇಕು. ಮೂರನೆಯದಾಗಿ, ನಮ್ಮ ಶಾಲೆಗೆ ಯಾವ ಪುಸ್ತಕ, ಯಾರು ಗುರು ಎಂಬುದನ್ನು ಇನ್ನು ಮೇಲೆ ನಮ್ಮ ಸಭೆಯೇ ನಿರ್ಧರಿಸುತ್ತದೆ. ಇದನ್ನು ಬೇಡುತ್ತಿಲ್ಲ, ತಿಳಿಸುತ್ತಿದ್ದೇನೆ.

ತಾವು ಶಾಲೆಗೆ ಹಾಕಿಸಿದ ಬೀಗ ಸರ್ಕಾರದ ಸ್ವತ್ತು, ಅದನ್ನು ಒಡೆಯುವುದು ಅಪರಾಧ ಎಂದು ತಮ್ಮ ಗುಮಾಸ್ತರು ಎಚ್ಚರಿಸಿಹೋಗಿದ್ದಾರೆ. ನಾವು ಕಾನೂನಿಗೆ ತಲೆಬಾಗುವ ಜನ. ಬೀಗವನ್ನು ಮುಟ್ಟಿಲ್ಲ. ಕಳೆದ ಸೋಮವಾರ ನಾವೆಲ್ಲ ಸೇರಿ ಬಾಗಿಲನ್ನೇ ಕೀಲುಗಳಿಂದ ಬಿಚ್ಚಿ, ಬೀಗದ ಸಮೇತ, ಗೀರೂ ಬೀಳದ ಹಾಗೆ ಗೋಡೆಗೆ ಒರಗಿಸಿದ್ದೇವೆ. ಗಾಳಿ ಒಳಗೆ ಬರುತ್ತದೆ, ಪಾಠವೂ ನಡೆದಿದೆ. ಪುಸ್ತಕ ತರುವಾಗ ತಾವು ಬಾಗಿಲು ತಟ್ಟಬೇಕಾಗಿಲ್ಲ.

ಇಂತಿ,
ಈ ರಾಜ್ಯದ ಕಾಯಿದೆಯ ಪ್ರಕಾರ ಇನ್ನೂ ಪ್ರಾಪ್ತ ವಯಸ್ಸಿಗೆ ಬಾರದ, ನಲವತ್ತಾರು ವರ್ಷದ
ಜಕೇಯಸ್ ಪೊಗನಿಟ್