ಒಂದು ಕೋಳಿಯ ಜಾಗ

ಮಾರ್ಚ್ ೯, ಶನಿವಾರ ಮಧ್ಯಾಹ್ನ. ಅಡುಗೆಮನೆಯ ಮೇಜು. ಅಪ್ಪ ವೆಲ್ಡಿಂಗ್ ಶೆಡ್ಡಿನಲ್ಲಿದ್ದಾರೆ.

ಪ್ರೀತಿಯ ಮಗಳೇ,

ನಾವು ಕ್ಷೇಮ. ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ಈ ವಯಸ್ಸಿನಲ್ಲಿ ಚಳವಳಿಗಾರ್ತಿಯಾಗಿದ್ದೇನೆ, ಪುರುಸೊತ್ತಿಲ್ಲ.

ಮನೆ ಬಿಡುವಾಗ ನೀನು ಅಟ್ಟದ ಮೇಲೆ ಉಳಿಸಿಹೋದ 'ಕೋಳಿಗಳನ್ನು ಪಂಜರದಿಂದ ಬಿಡಿಸಿ' ಫಲಕಗಳ ಧೂಳು ಒರೆಸಿ, ನಾನೂ ಪಕ್ಕದ ಮನೆಯ ನರ್ಸಮ್ಮನೂ ಪಂಜರದ ಕೋಳಿಗಳ ಮೊಟ್ಟೆ ಬಳಸುವ ಬೇಕರಿಯ ಮುಂದೆ ನಿಂತೆವು. ಗಂಟಲು ಕಟ್ಟುವವರೆಗೆ ಕೂಗಿದೆವು. ಕೊನೆಗೆ ಎದುರಂಗಡಿಯ ಟೈಲರ್ ಬಂದು, "ಅಮ್ಮಾ, ಇವತ್ತು ಬೇಕರಿಗೆ ರಜೆ. ಶಟರ್‌ಗೆ ಯಾಕೆ ಬೈತಾ ಇದೀರಿ?" ಎಂದ.

ಅಂದಿನಿಂದ ಕೂಗುವುದನ್ನು ಬಿಟ್ಟೆವು. ಈಗ ಕೇಳುತ್ತೇವೆ: ತೀರ್ಮಾನ ಯಾರ ಕೈಯಲ್ಲಿದೆಯೋ ಅವರನ್ನೇ, ಅವರಿಂದ ಆಗುವಷ್ಟನ್ನೇ. ಒಪ್ಪಿದರೆ ನಾಲ್ಕು ಜನರ ಮುಂದೆ ಹೊಗಳುತ್ತೇವೆ.

ಬೇಕರಿಯವರು ಮೊದಲು ನಕ್ಕರು. "ಕೇಕ್ ಉಬ್ಬಿದ್ರೆ ಸಾಕಮ್ಮಾ, ಕೋಳಿ ಜಾತಕ ನಂಗ್ಯಾಕೆ?"

ನಾನು ಗಲ್ಲಾದ ಮೇಲೆ ಒಂದು ತಗಡಿನ ತುಂಡು ಇಟ್ಟೆ. ಪಂಜರದಲ್ಲಿ ಒಂದು ಕೋಳಿಗೆ ಸಿಗುವ ಜಾಗ ಅಷ್ಟೇ ಎಂದೆ. ಅವರು ನಂಬದೆ, ಒಂದು ಕೆ.ಜಿ. ಕೇಕನ್ನು ತಂದು ಅದರ ಮೇಲಿಟ್ಟರು. ಕೇಕಿನ ರಟ್ಟು ನಾಲ್ಕೂ ಕಡೆ ಹೊರಗೆ ಚಾಚಿತು.

"ಇದಕ್ಕೇ ಸಾಲಲ್ವಲ್ರೀ!"

"ಕೇಕಿಗೆ ರೆಕ್ಕೆ ಬೇರೆ ಇಲ್ಲ," ಎಂದರು ನರ್ಸಮ್ಮ.

ಈಗ ಕೇಕಿಗೆ ಮಾತ್ರ, ಕೋಳಿಗಳನ್ನು ಹಿತ್ತಲಲ್ಲಿ ಬಿಟ್ಟು ಸಾಕುವವರ ಮೊಟ್ಟೆ. ಬ್ರೆಡ್ಡು, ಪಫ್ಫು ಆಮೇಲೆ ನೋಡೋಣ ಎಂದಿದ್ದಾರೆ. 'ಓಡಾಡುವ ಕೋಳಿಗಳ ಮೊಟ್ಟೆಯ ಕೇಕ್' ಎಂದು ಬೋರ್ಡೂ ಬಂದಿದೆ. ಟೈಲರ್ ದಿನಾ ಹೋಗಿ, "ನನ್ನ ಕೇಕ್ ಎಲ್ಲಿಗೆ ಓಡಿಹೋಯ್ತು?" ಎಂದು ವಿಚಾರಿಸುತ್ತಾನಂತೆ. ಮುಂದೆ ಆಸ್ಪತ್ರೆಯ ಕ್ಯಾಂಟೀನು; ನರ್ಸಮ್ಮ ಆಗಲೇ ಮೇಲ್ವಿಚಾರಕರ ಸಮಯ ಕೇಳಿದ್ದಾರೆ.

ಹೊತ್ತು ಹೊತ್ತಿಗೆ ಊಟ ಮಾಡು. ನಿನಗೆ ಒಳ್ಳೆಯದಾಗಲಿ, ನಗುನಗುತ್ತಾ ಇರು.

ನಿನ್ನ ಅಮ್ಮ

ತಾ.ಕ.: ಆ ತಗಡನ್ನು ಕತ್ತರಿಸಿಕೊಟ್ಟವರು ನಿನ್ನ ಅಪ್ಪ. ನಾನು ಅಳತೆ ಹೇಳಲಿಲ್ಲ, "ಒಂದು ಕೋಳಿಗೆ ಎಷ್ಟೋ ಅಷ್ಟು" ಎಂದೆ. ಕೋಳಿ ಪಂಜರ ಬೆಸೆದೇ ನಮ್ಮನ್ನು ಸಾಕಿದವರಿಗೆ ಅಳತೆ ಬೇಕೇ? ಯಾಕೆಂದೂ ಕೇಳಲಿಲ್ಲ. ನೀನು ಹೋಗುವ ದಿನ ಅವರಿಗೆ "ನಿಮ್ಮ ಕೈ ನೋಡಿದ್ರೆ ಅಸಹ್ಯ ಆಗುತ್ತೆ" ಎಂದೆಯಲ್ಲ, ಅಂದಿನಿಂದ ಊಟಕ್ಕೆ ಮೊದಲು ನಲ್ಲಿಯ ಕೆಳಗೆ ಕೈ ಉಜ್ಜುತ್ತಲೇ ಇರುತ್ತಾರೆ. ಅನ್ನ ಆರಿಹೋಗುತ್ತದೆ. ಊರಿನವರನ್ನೆಲ್ಲ ಕೇಳಿದ ನಾನು ಅವರೊಬ್ಬರನ್ನು ಕೇಳಿಲ್ಲ. ಮುಂದೆ ಬರುವ ಪಂಜರದ ಆರ್ಡರ್ ಒಂದನ್ನು ಬಿಡಿ, ಒಂದೇ ಒಂದು, ಎಂದು ನಾಳೆ ಊಟದ ಹೊತ್ತಿಗೆ ಕೇಳುವುದೆಂದು ನಿರ್ಧರಿಸಿದ್ದೇನೆ. ಕೂಗದೆ ಕೇಳುತ್ತೇನೆ.