ಷರಾ ಕಾಲಮ್ಮಿನಲ್ಲಿ ಸಿಕ್ಕ ದಾರಿ

ತಾಲೂಕು ಕಚೇರಿ, ಸಿರಗುಂದಿ
ಹದಿಮೂರನೇ ತಿಂಗಳ ನಾಲ್ಕನೇ ದಿನ, ೨೧೬೮

೨೦೨೬ರ ಮಾರ್ಚ್ ತಿಂಗಳಲ್ಲಿ ಇದೇ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದ ಇಂಟರ್ನ್ ಅವರಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ. ತಿಂಗಳಿಗೆ ಇಪ್ಪತ್ತೆಂಟೇ ದಿನ ಎಂದು ಗೊತ್ತುಮಾಡಿಕೊಂಡ ಮೇಲೆ ನಮ್ಮ ವರ್ಷಕ್ಕೆ ಹದಿಮೂರು ತಿಂಗಳಾದವು. ಮಿಕ್ಕ ಒಂದು ದಿನ ಯಾವ ತಿಂಗಳಿಗೂ ಸೇರದು, ಅಂದು ಎಲ್ಲರಿಗೂ ರಜೆ. ನನ್ನ ಕೆಲವು ಮಾತುಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆ ಇರಲಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಹಳೆಯ ಸರ್ಕಾರಿ ಕಡತಗಳಿಂದ. ಆದ್ದರಿಂದ ನಡುವೆ ಎಲ್ಲಾದರೂ 'ಈ ಮೂಲಕ ತಿಳಿಯಪಡಿಸುವುದೇನೆಂದರೆ' ಎಂಬುದು ನುಸುಳಿದರೆ ನಕ್ಕು ಮುಂದೆ ಓದಿ.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಕಾಗದ ಕಳಿಸುವ ಇಲಾಖೆ. ಹೊಸ ಇಲಾಖೆ, ಕುರ್ಚಿಗಳು ಇನ್ನೂ ಮುರಿದಿಲ್ಲ. ಇದುವರೆಗೆ ಯಾರ ಕಾಗದವೂ ತಲುಪಿದ್ದಕ್ಕೆ ಪುರಾವೆ ಸಿಕ್ಕಿಲ್ಲ. ಆದರೂ ಊರವಧಿಯಲ್ಲಿರುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಕಾಗದ ಕಳಿಸುವ ಹಕ್ಕಿದೆ. ಹೆಚ್ಚಿನವರು ತಮ್ಮ ಮುತ್ತಜ್ಜಿಗೆ ಬರೆಯುತ್ತಾರೆ. ನಾನು ನಿಮಗೆ ಬರೆಯುತ್ತಿದ್ದೇನೆ.

ನೀವು ಇಂಟರ್ನ್‌ಶಿಪ್ ಎನ್ನುತ್ತಿದ್ದುದನ್ನೇ ನಾವು ಊರವಧಿ ಎನ್ನುತ್ತೇವೆ. ಕಾಲೇಜಿನ ಕೊನೆಯ ವರ್ಷದಲ್ಲಿ ಐದು ತಿಂಗಳು ಯಾವುದಾದರೂ ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡಿದ ಹೊರತು ಇಲ್ಲಿ ಯಾರಿಗೂ ಪದವಿ ಇಲ್ಲ, ಡಾಕ್ಟರಾಗುವವರಿಗೂ ಇಲ್ಲ, ಹಾಡು ಕಲಿಯುವವರಿಗೂ ಇಲ್ಲ. ನಮ್ಮ ಕಚೇರಿ ಬೆಳಗಿನ ಐದಕ್ಕೆ ತೆರೆದು ಹತ್ತಕ್ಕೆ ಮುಚ್ಚುತ್ತದೆ, ಸಂಜೆ ನಾಲ್ಕಕ್ಕೆ ಮತ್ತೆ ತೆರೆಯುತ್ತದೆ. ನಡುಹೊತ್ತಿನಲ್ಲಿ ತಂಪುಗೋಡೆಗೆ ಬೆನ್ನು ಕೊಟ್ಟು ಎಲ್ಲರೂ ಮಲಗುತ್ತಾರೆ. ಸುಟ್ಟ ಮಣ್ಣಿನ ಕೊಳವೆ ಜೋಡಿಸಿ ಈ ಗೋಡೆ ಕಟ್ಟುತ್ತಾರೆ, ಒಳಗೆ ನೀರು ಹರಿದು ಕೋಣೆ ತಣ್ಣಗಿರುತ್ತದೆ. ಅದಿಲ್ಲದ ಮನೆಯಲ್ಲಿ ಈಗ ಬೇಸಗೆ ಕಳೆಯಲಾಗದು. ಹಾಗಾಗಿ ನಮ್ಮ ಕಾಲದಲ್ಲಿ ಕುಂಬಾರರು ಭಾರಿ ಬೇಕಾದ ಜನ. ಉಳಿದಂತೆ ನಿಮಗೆ ಹೊಸದೇನೂ ಕಾಣಿಸದು. ಚಹಾ ಎರಡು ಸಲ ಬರುತ್ತದೆ. ಜೋಳದ ರೊಟ್ಟಿಯ ಡಬ್ಬಿ ತೆರೆದ ಕೂಡಲೇ ಯಾರ ಮನೆಯ ಚಟ್ನಿ ಚೆನ್ನಾಗಿದೆ ಎಂಬ ವಾದ ಶುರುವಾಗುತ್ತದೆ. ಹೊಸಬರಿಗೆ ಅಲ್ಲಾಡುವ ಸ್ಟೂಲನ್ನೇ ಕೊಡುತ್ತಾರೆ.

ಹಳೆಯ ದಾಖಲೆಗಳನ್ನೆಲ್ಲ ನಮ್ಮಲ್ಲಿ ಓದುಗ ನೋಡಿಕೊಳ್ಳುತ್ತದೆ. ಅದೊಂದು ಯಂತ್ರ. ಏನು ಕೇಳಿದರೂ ಇನ್ನೂರು ವರ್ಷದ ರಿಜಿಸ್ಟರುಗಳನ್ನು ತಡಕಾಡಿ ಎರಡು ನಿಮಿಷದಲ್ಲಿ ಉತ್ತರ ಕೊಡುತ್ತದೆ. ನನಗೆ ಮೊದಲು ಬಂದ ಕೆಲಸ ಸಣ್ಣದು. ಕುಂಬಾರ ಓಣಿಯಿಂದ ಕೆರೆಯ ಮಣ್ಣಿನ ದಂಡೆಗೆ ಹೋಗುವ ಜಾಗದಲ್ಲಿ, ನೆಲ ಮುಟ್ಟದೆ ಗಾಳಿಯಲ್ಲಿ ಓಡುವ ನಮ್ಮ ತೇಲುಗಾಡಿಗಳಿಗೆ ನಿಲ್ದಾಣ ಕಟ್ಟಬೇಕು, ಅಲ್ಲಿ ದಾರಿ ಇದೆಯೇ ನೋಡಿ ವರದಿ ಕೊಡು ಎಂದರು. ನೂರು ವರ್ಷ ಜನ ನಡೆದ ದಾರಿಯನ್ನು ಯಾರೂ ಮುಚ್ಚುವಂತಿಲ್ಲ ಎಂದು ನಮ್ಮ ಕಾನೂನು ಹೇಳುತ್ತದೆ, ಆದರೆ ಅದಕ್ಕೆ ದಾಖಲೆ ಬೇಕು. ನಾನು ಓದುಗವನ್ನು ಕೇಳಿದೆ. ನಕಾಶೆಯಲ್ಲಿ ಇಲ್ಲ ಎಂದಿತು. 'ದಾರಿ ಇಲ್ಲ' ಎಂದು ಬರೆದು ಸಹಿ ಹಾಕಿ ಚಹಾ ಕುಡಿದೆ. ಸ್ಟೂಲು ಬಿಟ್ಟು ಏಳಲೂ ಇಲ್ಲ.

ಮೂರನೇ ದಿನ ಕುಂಬಾರ ಓಣಿಯ ಗುರುಶಾಂತವ್ವ ಬಂದರು. ಎಪ್ಪತ್ತು ದಾಟಿದ ಹೆಂಗಸು, ಮೊಣಕಾಲವರೆಗೆ ಕೆಂಪು ಮಣ್ಣು. ನನ್ನ ವರದಿಯ ಪ್ರತಿಯನ್ನು ಮೇಜಿನ ಮೇಲಿಟ್ಟು, "ದಾರಿ ಇಲ್ಲಂತ ಬರದೀಯಲ್ಲವಾ, ಹಂಗಾರ ನಾ ಈಗ ಮಣ್ಣು ಹೊತ್ಕೊಂಡು ಹಾರಿ ಬಂದ್ನೇನು?" ಎಂದರು. ಕಚೇರಿಯೆಲ್ಲ ನಕ್ಕಿತು. ನನಗೆ ನಾಚಿಕೆಯಾಯಿತು. ಆ ದಾರಿ ಮುಚ್ಚಿದರೆ ಅರವತ್ತೆರಡು ಮನೆಗಳಿಗೆ ಮಣ್ಣಿಲ್ಲ, ಮಣ್ಣಿಲ್ಲದೆ ಅವರಿಗೆ ಕಸುಬಿಲ್ಲ, ಓಣಿಯೇ ಎದ್ದುಹೋಗುತ್ತದೆ. ಅದು ನನ್ನ ಎರಡು ಪದಗಳಿಂದ ಆಗುತ್ತಿತ್ತು. ಆ ಸಂಜೆ ಅವರ ಹಿಂದೆಯೇ ದಾರಿಯುದ್ದಕ್ಕೂ ನಡೆದೆ. ಕಾಲು ಬಿದ್ದೂ ಬಿದ್ದೂ ಕಲ್ಲು ನುಣ್ಣಗಾಗಿತ್ತು. ಆದರೆ ನುಣುಪಾದ ಕಲ್ಲು ದಾಖಲೆಯಲ್ಲ.

ಮರುದಿನದಿಂದ ನಾನು ದಾಖಲೆ ಕೋಣೆಗೆ ಇಳಿದೆ. ಕಾಗದದ ರಿಜಿಸ್ಟರುಗಳನ್ನು ಯಾರೂ ಮುಟ್ಟದೆ ಎಷ್ಟು ಕಾಲವಾಗಿತ್ತೋ. ಒಂಬತ್ತು ದಿನ ಸೀನುತ್ತ ಹುಡುಕಿದ ಮೇಲೆ ನಿಮ್ಮ ಪುಟ ಸಿಕ್ಕಿತು. ತಾಲೂಕಿನ ದಾರಿಗಳ ಪಟ್ಟಿ, ೨೦೨೬. ಕೊನೆಯ ಕಾಲಂ ಷರಾ. ಬೇರೆ ಎಲ್ಲ ಪುಟಗಳಲ್ಲಿ ಅದು ಖಾಲಿ, ಇಲ್ಲವೇ ಒಂದು ಅಡ್ಡಗೆರೆ. ನಿಮ್ಮ ಪುಟದಲ್ಲಿ ಮಾತ್ರ ಸಣ್ಣ ಅಕ್ಷರಗಳು ಗೆರೆ ದಾಟಿ ಅಂಚಿಗೆ ಹರಿದಿದ್ದವು. 'ನಕಾಶೆಯಲ್ಲಿ ಇಲ್ಲ. ಆದರೆ ದಾರಿ ಇದೆ. ಜನ ನಡೆಯುತ್ತಾರೆ, ನಾನೂ ನಡೆದೆ. ಅಳತೆ ಸರಪಳಿ ಕೊಡಲಿಲ್ಲ. ಕುಂಬಾರ ಓಣಿಯಿಂದ ಕೆರೆ ದಂಡೆಗೆ ನನ್ನ ಹೆಜ್ಜೆಯಲ್ಲಿ ೧,೧೧೬. ಹೋಲಿಕೆಗೆ: ಕಚೇರಿಯ ವರಾಂಡ ನನ್ನ ಹೆಜ್ಜೆಯಲ್ಲಿ ೪೦.' ಅದರ ಕೆಳಗೆ ಕೆಂಪು ಶಾಯಿಯಲ್ಲಿ ಬೇರೊಬ್ಬರ ಕೈಬರಹ: 'ಇಂಟರ್ನ್‌ಗೆ ಷರಾ ಬರೆಯುವ ಅಧಿಕಾರವಿಲ್ಲ. ಹೊಡೆದುಹಾಕಿ.' ನೀವು ಹೊಡೆದುಹಾಕಿರಲಿಲ್ಲ.

ಓದುಗಕ್ಕೆ ಇದೇಕೆ ಗೊತ್ತಿರಲಿಲ್ಲ ಎಂದು ಆಮೇಲೆ ತಿಳಿಯಿತು. ರಿಜಿಸ್ಟರುಗಳನ್ನು ಅದಕ್ಕೆ ತುಂಬಿಸಿದವರು ಷರಾ ಕಾಲಮ್ಮನ್ನು ಕೈಬಿಟ್ಟಿದ್ದರು. ಹೇಗಿದ್ದರೂ ಖಾಲಿಯಲ್ಲವೇ ಎಂದುಕೊಂಡಿರಬೇಕು.

ನಾನು ವರದಿ ಹಿಂತೆಗೆದುಕೊಳ್ಳುತ್ತೇನೆ ಎಂದೆ. ತಾಲೂಕಿನ ಪಾಲಕರು ಬಾಳನಗೌಡರು, ನಿಮ್ಮ ಕಾಲದ ತಹಶೀಲ್ದಾರರ ಜಾಗದಲ್ಲಿ ಇರುವವರು. ಅವರು ನನ್ನನ್ನು ಕೂರಿಸಿ, "ತಂಗಿ, ಸಹಿ ಮಾಡಿದ ವರದಿ ಹಿಂದಕ್ಕ ತಗೊಂಡ್ರ ನಿನ್ನ ಊರವಧಿ ರದ್ದಾಗ್ತದ, ಪದವಿ ಒಂದು ವರ್ಷ ಮುಂದಕ್ಕ ಹೋಗ್ತದ. ಮನ್ಯಾಗ ಕೇಳಿ ಬಾ" ಎಂದರು. ಮನೆಯಲ್ಲಿ ಕೇಳಿದರೆ ಬೇಡ ಎನ್ನುತ್ತಾರೆಂದು ಗೊತ್ತಿತ್ತು, ಆದ್ದರಿಂದ ಕೇಳಲಿಲ್ಲ. ಅಲ್ಲೇ ಬರೆದುಕೊಟ್ಟೆ.

ವಿಚಾರಣೆಯ ದಿನ ತೇಲುಗಾಡಿ ಮಂಡಳಿಯ ವಕೀಲರು ನಿಮ್ಮ ಹೆಜ್ಜೆಯನ್ನೇ ಹಿಡಿದುಕೊಂಡರು. ಒಬ್ಬರು ಜಿಗಿಯುತ್ತಾರೆ, ಒಬ್ಬರು ಕಾಲೆಳೆಯುತ್ತಾರೆ, ಹೆಜ್ಜೆ ಯಾವ ಸೀಮೆಯ ಅಳತೆ, ಬರೆದವರು ಬೇರೆಲ್ಲೋ ನಡೆದಿರಬಹುದು ಎಂದರು. ನಾನು ಎದ್ದು ನಿಂತು, ಆ ವರಾಂಡ ಇನ್ನೂ ಇದೆ, ನಾವೆಲ್ಲ ಚಪ್ಪಲಿ ಬಿಡುವುದು ಅಲ್ಲೇ ಎಂದೆ. ಪಾಲಕರು ಸ್ವತಃ ಟೇಪು ಹಿಡಿದು ಅಳೆದರು. ಎಂಬತ್ನಾಲ್ಕು ಅಡಿ. ನಲವತ್ತರಿಂದ ಭಾಗಿಸಿದರೆ ನಿಮ್ಮ ಒಂದು ಹೆಜ್ಜೆಗೆ ಎರಡು ಅಡಿಗಿಂತ ತುಸು ಜಾಸ್ತಿ. ಆಮೇಲೆ ಇಡೀ ವಿಚಾರಣೆಯೇ ಬಿಸಿಲಿನಲ್ಲಿ ಕೆರೆಯವರೆಗೆ ನಡೆಯಿತು, ವಕೀಲರು ಕೊಡೆ ಹಿಡಿದು ಹಿಂದೆ ಬಂದರು. ದಾರಿಗೆ ಹಿಡಿದ ಟೇಪಿನ ಅಳತೆಗೂ ನಿಮ್ಮ ಲೆಕ್ಕಕ್ಕೂ ನಡುವೆ ಬಂದ ವ್ಯತ್ಯಾಸ ಮೂರು ಹೆಜ್ಜೆ. ನೂರನಲವತ್ತೆರಡು ವರ್ಷಕ್ಕೆ ಮೂರೇ ಹೆಜ್ಜೆ! ನನಗೆ ಕಣ್ಣು ತುಂಬಿ ಬಂತು. ನಿಮ್ಮ ಮುಖ ನೋಡಿಲ್ಲ, ನೀವು ಗಂಡೋ ಹೆಣ್ಣೋ ತಿಳಿಯದು. ಆದರೂ ನಮ್ಮವರೊಬ್ಬರು ಮೊದಲ ದರ್ಜೆಯಲ್ಲಿ ಪಾಸಾದಾಗ ಆಗುವಷ್ಟು ಹೆಮ್ಮೆಯಾಯಿತು.

ದಾರಿ ಉಳಿಯಿತು. ನಿಲ್ದಾಣ ಊರಾಚೆಗೆ ಹೋಯಿತು. ನನ್ನ ಊರವಧಿ ರದ್ದಾಯಿತು. ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ, ಗೆಳತಿಯರ ಪದವಿ ಸಮಾರಂಭದ ದಿನ ಸ್ನಾನದ ಕೋಣೆಯಲ್ಲಿ ನಲ್ಲಿ ಬಿಟ್ಟು ಅತ್ತೆ. ಈಗ ಮೊದಲಿನಿಂದ ಶುರುಮಾಡಿದ್ದೇನೆ, ಅದೇ ಕಚೇರಿ, ಅದೇ ಸ್ಟೂಲು. ಈ ಸಲದ ಕೆಲಸವನ್ನು ನಾನೇ ಕೇಳಿ ಪಡೆದೆ. ತಾಲೂಕಿನ ಎಲ್ಲ ರಿಜಿಸ್ಟರುಗಳ ಷರಾ ಕಾಲಮ್ಮನ್ನು ಓದುಗಕ್ಕೆ ಓದಿಸುತ್ತಿದ್ದೇನೆ.

ಉಳಿದ ದಾರಿಗೆ ಸಾಕ್ಷಿ ಹೇಳಿದವರ ಹೆಸರಿಡುವುದು ನಮ್ಮ ಪದ್ಧತಿ. ನಿಮ್ಮ ಷರಾದ ಕೆಳಗೆ ಇದ್ದದ್ದು 'ಇಂಟರ್ನ್, ಅಂತಿಮ ವರ್ಷ' ಎಂದಷ್ಟೇ. ಹೆಸರು ಬರೆಯಲು ಬಿಡಲಿಲ್ಲವೋ, ಬರೆಯುವಷ್ಟು ದೊಡ್ಡವರಲ್ಲ ಎಂದು ನೀವೇ ಅಂದುಕೊಂಡಿರೋ ನನಗೆ ತಿಳಿಯದು. ಹುಡುಕದ ಕಡತವಿಲ್ಲ, ಸಿಗಲಿಲ್ಲ. ಕಡೆಗೆ ಫಲಕದಲ್ಲಿ 'ಇಂಟರ್ನ್ ದಾರಿ' ಎಂದೇ ಬರೆಸಿದರು. ಓಣಿಯ ಮಕ್ಕಳು ಇಂಟರ್ನ್ ಎಂಬ ಶರಣರೊಬ್ಬರು ಇದ್ದರೆಂದು ನಂಬಿದ್ದಾರೆ.

ಈಗ ನನ್ನ ಬೇಡಿಕೆ. ಈ ಕಾಗದ ತಲುಪುವ ಹೊತ್ತಿಗೆ ರಿಜಿಸ್ಟರು ಇನ್ನೂ ನಿಮ್ಮ ಮುಂದಿದ್ದರೆ, ದಯವಿಟ್ಟು ಷರಾದ ಕೆಳಗೆ ನಿಮ್ಮ ಹೆಸರು ಬರೆಯಿರಿ. ಅಪ್ಪನ ಹೆಸರು, ಅವ್ವನ ಹೆಸರು, ಊರು ಎಲ್ಲ ಬರೆಯಿರಿ, ಅಂಚಿನಲ್ಲಿ ಜಾಗ ಇದೆ. ಕೆಂಪು ಶಾಯಿಯವರು ಬೈಯಲಿ. ಗುರುಶಾಂತವ್ವ ಆ ಕೆರೆಯ ಮಣ್ಣಿನಲ್ಲಿ ಒಂದು ಕೊಡ ಮಾಡಿ, ಸುಟ್ಟು, ಮಾರದೆ ಎತ್ತಿಟ್ಟಿದ್ದಾರೆ. "ಅವರ ಪೈಕಿ ಯಾರರ ಉಳದಾರೇನು ನೋಡವಾ, ಕೈಯಾರ ಕೊಟ್ಟು ಬರ್ತೀನಿ" ಎಂದು ನಾನು ಕಂಡಾಗಲೆಲ್ಲ ಕೇಳುತ್ತಾರೆ. ಯಾರ ಮನೆಗೆ ಹೋಗಿ ಎಂದು ಅವರಿಗೆ ಹೇಳಲಿ?

ಇಂತು ನಿಮ್ಮ ವಿಶ್ವಾಸಿ,
ಇಮಾಂಬಿ ನದಾಫ್
ಅಪ್ಪ ಹುಸೇನಸಾಬ, ಅವ್ವ ಮಾಬುನ್ನಿ, ಊರು ಸಿರಗುಂದಿ
ಇಂಟರ್ನ್, ಅಂತಿಮ ವರ್ಷ (ಎರಡನೇ ಸಲ)